ಹಾರ್ಮೋನಿಯಂಗೆ ಗಾಳಿ ಎಲ್ಲಿಂದ

ಎಡಭುಜ ಬಿಗಿದುಕೊಂಡಿದೆ, ಇನ್ನು ಹಾರ್ಮೋನಿಯಂಗೆ ಗಾಳಿ ತುಂಬುವ ತಿದಿ ಒತ್ತಬಾರದು ಎಂದು ಮುಳಬಾಗಿಲಿನ ಡಾಕ್ಟರು ಅತ್ತೆಗೆ ಹೇಳಿಬಿಟ್ಟರು. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ನಂಗಲಿ ಪಕ್ಕದ ನಮ್ಮೂರಿನ ಭಜನೆ ಮನೆಯಲ್ಲಿ ಪ್ರತಿ ಶನಿವಾರ ಹಾಡುವುದಕ್ಕೆ ಹೆಂಗಸರು ಬೇಕಾದಷ್ಟಿದ್ದಾರೆ, ಹಾರ್ಮೋನಿಯಂ ನುಡಿಸುವವರು ಮಾತ್ರ ಇವರೊಬ್ಬರೇ. ಅವತ್ತು ಮನೆಗೆ ಬಂದಕೂಡಲೇ ಅತ್ತೆ ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಹಳೇ ಸೀರೆ ಹೊದಿಸಿಬಿಟ್ಟರು.

ನಾನು ದೇವರಾಯಸಮುದ್ರದ ಹಾಲಿನ ಡೇರಿಯಲ್ಲಿ ಫ್ಯಾಟ್ ನೋಡುವ ಮಿಷನ್ನಿನ ಮುಂದೆ ಕೂರುವವಳು. ಮಿಷನ್ ಮುನಿಸಿಕೊಂಡರೆ ಮೆಕ್ಯಾನಿಕ್ ಬರುವ ತನಕ ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ, ಬಿಚ್ಚಿ ನೋಡಿಯೇ ತೀರಬೇಕು. ತಿದಿಯೇ ಇಲ್ಲದ ಹಾರ್ಮೋನಿಯಂ ಇರಲಾರದೇ ಎಂದು ವಿಚಾರಿಸುತ್ತಾ ಹೋಗಿ, ಕೋಲಾರದ ಒಂದು ಅಂಗಡಿಯಿಂದ ಯುಎಸ್‌ಬಿ ಕೀಬೋರ್ಡ್ ತಂದೆ. ಅದರೊಳಗೆ ಸ್ವರವೇ ಇಲ್ಲ. ಯಾವ ಮನೆ, ಅಂದರೆ ಯಾವ ಕೀ ಒತ್ತಿದೆವು ಎಂಬ ಸುದ್ದಿಯನ್ನು ಅದು ವೈರಿನಲ್ಲಿ ಟ್ಯಾಬ್ಲೆಟ್ಟಿಗೆ ಮುಟ್ಟಿಸುತ್ತದೆ, ಸದ್ದು ಮಾಡುವುದು ಟ್ಯಾಬ್ಲೆಟ್ಟು. ಮಗಳು ಆನ್‌ಲೈನ್ ಪಾಠಕ್ಕೆ ಬಳಸಿ ಮೂಲೆಗೆ ಹಾಕಿದ್ದ ಟ್ಯಾಬ್ಲೆಟ್ಟಿನಲ್ಲಿ ಹಾರ್ಮೋನಿಯಂ ಆ್ಯಪ್ ಹಾಕಿಕೊಂಡೆ. ಸ್ಪೀಕರ್ ಭಜನೆ ಮನೆಯಲ್ಲಿ ಇದ್ದೇ ಇತ್ತು.

ಅಷ್ಟು ಸಲೀಸಾಗಿ ಆಗುತ್ತದೆಯೇ! ಕೀಬೋರ್ಡಿನ ವೈರು ದಪ್ಪ, ಟ್ಯಾಬ್ಲೆಟ್ಟಿನ ಕಿಂಡಿ ಸಣ್ಣದು, ನಡುವೆ ಅಡಾಪ್ಟರ್ ಬೇಕು. ಮುಳಬಾಗಿಲಿನ ಮೊಬೈಲ್ ಅಂಗಡಿಯಲ್ಲಿ ಕೊಟ್ಟಿದ್ದನ್ನು ಸಿಕ್ಕಿಸಿದರೆ ಕೀಬೋರ್ಡಿನ ದೀಪ ಮಿಣುಕಿ ಆರಿಹೋಯಿತು. ಟ್ಯಾಬ್ಲೆಟ್ಟು ಕೊಡುವ ಕರೆಂಟು ಇದಕ್ಕೆ ಸಾಲುತ್ತಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ನನ್ನ ಒಂದು ಭಾನುವಾರ ಮುಗಿದಿತ್ತು. ಚಾರ್ಜರ್ ಸಿಕ್ಕಿಸಲು ಇನ್ನೊಂದು ಕಿಂಡಿ ಇರುವ ಅಡಾಪ್ಟರ್ ತಂದೆ. ಈಗ ದೀಪ ನಿಂತಿತು, ಆದರೆ ಸದ್ದಿಲ್ಲ. ಅತ್ತೆ ಅಲ್ಲೇ ಕೂತು ಅವರೆಕಾಯಿ ಸುಲಿಯುತ್ತಾ, ಇದಕ್ಕೆ ಗಾಳಿ ಎಲ್ಲಿಂದ ಬರುತ್ತದೆ ಎಂದು ಒಂದೇ ಪ್ರಶ್ನೆ ಕೇಳುತ್ತಿದ್ದರು. ಗಾಳಿ ಬೇಡ ಅತ್ತೆ, ಕರೆಂಟು ಸಾಕು ಎಂದರೆ ಅವರಿಗೆ ನಂಬಿಕೆಯಿಲ್ಲ.

ಕಂಪನಿಯ ಸಹಾಯದ ನಂಬರಿಗೆ ಫೋನ್ ಹಚ್ಚಿದೆ. ಸಿಕ್ಕಿದವರು ಧಾರವಾಡದ ಕಡೆಯ ಮಾತಿನವರು, ಬಹಳ ಮರ್ಯಾದಸ್ತರು. ನಾನು ಲೈಟು, ಪಿನ್ನು ಎಂದು ವಿವರಿಸುತ್ತಿರುವಾಗಲೇ ಅತ್ತೆ ಫೋನ್ ಕಿತ್ತುಕೊಂಡರು. ತೆಲುಗು ಬೆರೆತ ಅವರ ಬಾಯಲ್ಲಿ ಗಾಳಿ ಯಾವಾಗಲೂ ಗಾಲಿಯೇ.

"ಅಲ್ಲಪ್ಪಾ, ಇದ್ಕೆ ಗಾಲಿ ಎಲ್ಲಿಂದ ಬರ್ತೈತೆ?"

"ಗಾಲಿ ಇದರ ಜೋಡಿ ಬರಂಗಿಲ್ರಿ ಅಮ್ಮಾರ. ಸ್ಟ್ಯಾಂಡ್ ತಗೊಂಡ್ರ ಅದಕ್ಕ ನಾಕು ಗಾಲಿ ಇರ್ತಾವ."

ಅತ್ತೆ ಫೋನನ್ನು ನನ್ನ ಕೈಗಿಟ್ಟು, ನೋಡಿದೆಯಾ, ಗಾಲಿ ಬೇರೆ ಕೊಂಡ್ಕೋಬೇಕಂತೆ ಎಂದು ಗೆದ್ದವರ ಮುಖ ಮಾಡಿದರು. ನಾನು ನಕ್ಕೂ ನಕ್ಕೂ ಸುಸ್ತಾದೆ. ನಗು ನಿಂತ ಮೇಲೆ ಅದೇ ಪುಣ್ಯಾತ್ಮರು ದಾರಿ ತೋರಿಸಿದರು. ನಾನು ಹಾಕಿದ್ದು ಬರೀ ಚಾರ್ಜು ಮಾಡುವ ವೈರು, ಸುದ್ದಿ ಒಯ್ಯುವ ವೈರು ಬೇರೆಯಂತೆ. ಕೀಬೋರ್ಡ್ ಬಂದಿದ್ದ ಡಬ್ಬದ ತಳದಲ್ಲಿದ್ದ ವೈರನ್ನು ತೆಗೆದು ಹಾಕಿದೆ. ಮೊದಲು ಅಡಾಪ್ಟರಿಗೆ ಕೀಬೋರ್ಡ್, ಆಮೇಲೆ ಚಾರ್ಜರ್, ಕೊನೆಗೆ ಆ್ಯಪ್ ತೆರೆದೆ. ಬಿಳಿ ಮನೆ ಒತ್ತಿದರೆ ಷಡ್ಜ ಕೇಳಿಸಿತು. ಅಬ್ಬಾ, ಆ ಖುಷಿ! ಅಡುಗೆಮನೆಯಲ್ಲಿ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಅತ್ತೆ ಕೈ ತೊಳೆದು, ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಒಂದು ಸಾಲು ನುಡಿಸಿದರು, ಸದ್ದು ಹೋಯಿತು. ನಾನು ಕಿತ್ತು ಸಿಕ್ಕಿಸಿ, ಅರ್ಧ ಗಂಟೆ ಒತ್ತಿ ನೋಡಿದೆ. ಏನೂ ತೊಂದರೆಯಿಲ್ಲ. ಅವರು ಕೂತರು, ಮತ್ತೆ ಹೋಯಿತು. ಮಾರನೇ ದಿನವೂ ಅದೇ ಕಥೆ. ನನ್ನ ಕೈಗೆ ಹಸುವಿನಂತೆ ಬಗ್ಗುವ ಯಂತ್ರ ಅವರ ಕೈಗೆ ಯಾಕೆ ಹೀಗೆ? ಅವರ ಕೈಯ ಬೆವರೋ, ಬಳೆಯೋ ಎಂದು ತಲೆ ಕೆಡಿಸಿಕೊಂಡೆ. ಬಳೆ ಸರಿಸಿಕೊಂಡೂ ನುಡಿಸಿದರು, ಪ್ರಯೋಜನವಾಗಲಿಲ್ಲ.

"ಬಿಟ್ಬಿಡು ಅಮ್ಮಣ್ಣಿ," ಎಂದರು. "ಇದು ನನ್ನ ಒಲ್ಲೆ ಅಂತೈತೆ. ಈ ಶನಿವಾರ ಆಗ್ಲಿಲ್ಲಾಂದ್ರೆ ನಾನು ಭಜನೆಗೆ ಹೋಗೋದು ನಿಲ್ಲಿಸ್ತೀನಿ."

ನನಗೆ ಯಂತ್ರದ ಮೇಲೆ ಉರಿಯುವಷ್ಟು ಸಿಟ್ಟು ಬಂತು. ಒಂದೇ ಒಂದು ಸಲ ನುಡಿಸಿ ಎಂದು ಕಾಡಿ, ಈ ಸಲ ದೀಪ ನೋಡದೆ ಅವರನ್ನೇ ನೋಡುತ್ತಾ ಕೂತೆ. ಬಲಗೈ ಮನೆಗಳ ಮೇಲೆ ಓಡಾಡುತ್ತಿತ್ತು. ಎಡಗೈ ತನ್ನ ಪಾಡಿಗೆ ತಾನು ಮೆಲ್ಲಗೆ ಕೀಬೋರ್ಡಿನ ಹಿಂದಕ್ಕೆ ಹೋಯಿತು. ಅಲ್ಲಿ ತಿದಿಯನ್ನು ಹುಡುಕಿತು. ತಿದಿ ಇರಬೇಕಾದ ಜಾಗದಲ್ಲೇ ನಾನು ಟ್ಯಾಬ್ಲೆಟ್ಟನ್ನು ಒರಗಿಸಿಟ್ಟಿದ್ದೆ, ಅದರ ಪಕ್ಕಕ್ಕೆ ಅಡಾಪ್ಟರ್ ಚಾಚಿಕೊಂಡಿತ್ತು. ಬೆರಳುಗಳು ಅದನ್ನು ಹಗುರವಾಗಿ ಒತ್ತಿದವು, ಬಿಟ್ಟವು, ಒತ್ತಿದವು. ಪಿನ್ನು ಸಡಿಲಾಗಿ ಸದ್ದು ನಿಂತಿತು.

ಅವರಿಗೆ ಹೇಳಿದರೆ ತಮ್ಮ ಕೈಯನ್ನೇ ನಂಬದವರಂತೆ ನೋಡಿಕೊಂಡರು. ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು ನುಡಿಸಿ ಎಂದೆ. ಹಾಗೇ ನುಡಿಸಿದರು, ಒಂದು ಸಾರಿಯೂ ನಿಲ್ಲಲಿಲ್ಲ. ಲೆಕ್ಕ ಬಿಡಿಸಿದವಳಂತೆ ನಾನು ಬೀಗಿದೆ.

ಶನಿವಾರ ಭಜನೆ ಮನೆಯಲ್ಲಿ ಸ್ಪೀಕರಿಗೆ ಜೋಡಿಸಿಕೊಟ್ಟು ಪಕ್ಕದಲ್ಲೇ ಕೂತೆ. ಅತ್ತೆ ಎಡಗೈ ಮಡಿಲಲ್ಲಿಟ್ಟು ಶುರುಮಾಡಿದರು. ಸ್ವರ ತುಂಬಿಕೊಂಡು ಬಂತು, ಆದರೆ ಹಾಡು ಚೆಲ್ಲಾಪಿಲ್ಲಿ. ಒಬ್ಬರು ಮುಂಚೆ ಎತ್ತಿದರು, ಇನ್ನೊಬ್ಬರು ತಡವಾಗಿ. ಎರಡನೇ ಸಾಲಿಗೆ ಗದ್ದಲವೇ ಆಯಿತು. ಅತ್ತೆ ಕೈ ತೆಗೆದುಬಿಟ್ಟರು. ನಾನು ಗಾಬರಿಯಿಂದ ಪಿನ್ನು, ದೀಪ, ವೈರು ಎಲ್ಲ ನೋಡಿದೆ, ಎಲ್ಲ ಸರಿಯಾಗಿತ್ತು. ಹಾಗಾದರೆ ಕೆಟ್ಟಿದ್ದು ಯಾವುದು? ಎದುರಿಗೆ ತಾಳ ಹಿಡಿದು ಕೂತಿದ್ದ ಹಿರಿಯಮ್ಮನನ್ನೇ ಕೇಳಿದೆ.

"ಯಾವಾಗ ಎತ್ಬೇಕೋ ತಿಳೀಲಿಲ್ಲ ಕಣಮ್ಮಾ," ಎಂದರು ಆಕೆ. "ಅಕ್ಕಯ್ಯನ ಎಡಗೈ ಕಾಣಿಸ್ಲಿಲ್ಲ."

ಉಳಿದವರೂ ಹೌದೌದು ಎಂದು ತಲೆಯಾಡಿಸಿದರು. ಇಷ್ಟು ವರ್ಷ ಅವರೆಲ್ಲ ತಿದಿ ಒತ್ತುವ ಆ ಕೈ ನೋಡಿಕೊಂಡೇ ಉಸಿರು ಎಳೆದು ಹಾಡು ಎತ್ತುತ್ತಿದ್ದರು. ಅದು ಅವರಿಗೂ ಅವತ್ತೇ ಗೊತ್ತಾಗಿದ್ದು.

ನಾನು ಟ್ಯಾಬ್ಲೆಟ್ಟು, ಅಡಾಪ್ಟರ್ ಎಲ್ಲವನ್ನೂ ಎತ್ತಿ ಅತ್ತೆಯ ಬಲಗಡೆಗೆ ಇಟ್ಟೆ. ಕೀಬೋರ್ಡಿನ ಹಿಂದೆ ಈಗ ಏನೂ ಇರಲಿಲ್ಲ.

"ಒತ್ತಿ ಅತ್ತೆ," ಎಂದೆ.

ಅತ್ತೆ ನನ್ನನ್ನು ನೋಡಿ, ಸಂಕೋಚದಿಂದ ಎಡಗೈಯನ್ನು ಆ ಬರಿದಾದ ಜಾಗಕ್ಕೆ ಚಾಚಿದರು. ಮೆಲ್ಲಗೆ ಒತ್ತಿದರು. ಎದುರು ಕೂತ ಹೆಂಗಸರು ಒಟ್ಟಿಗೆ ಉಸಿರೆಳೆದುಕೊಂಡದ್ದು ನನಗೆ ಕೇಳಿಸಿತು, ಒಟ್ಟಿಗೆ ಹಾಡು ಎದ್ದಿತು. ನನ್ನ ಕಣ್ಣು ತುಂಬಿಕೊಂಡವು.

ಹಾಡು ಮುಗಿದ ಮೇಲೆ ಬಗ್ಗಿ, ಭುಜ ನೋಯುತ್ತಿದೆಯೇ ಎಂದು ಕೇಳಿದೆ.

"ಬರೀ ಗಾಲಿ ಒತ್ತೋಕೆ ಯಾತರ ನೋವೇ?" ಎಂದು ಮುಂದಿನ ಹಾಡಿಗೆ ಕೈ ಚಾಚಿದರು.