ಕತ್ತರಿಸದ ಹಾಳೆಗಳು

ಶಿರಾದ ವಾಚನಾಲಯಕ್ಕೆ ನನ್ನ ಕಡಲೆಕಾಯಿ ಮಂಡಿಯ ಮೇಲಿನ ಕೋಣೆ ಬಿಟ್ಟುಕೊಟ್ಟ ತಪ್ಪಿಗೆ ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದ್ದರು. ವರ್ಷಕ್ಕೊಮ್ಮೆ ಹೈಸ್ಕೂಲಿನ ಕನ್ನಡ ಮೇಷ್ಟ್ರು ಅಲ್ಲಿ ಅದೇ ಒಂದು ಹೆಸರಾಂತ ಕಾದಂಬರಿಯ ಬಗ್ಗೆ ಭಾಷಣ ಮಾಡೋರು, ಜನ ಕಣ್ಣೊರೆಸಿಕೊಳ್ಳೋರು. ಅದನ್ನು ಓದದ ನನಗೆ ಒಂದು ವರ್ಷ ನಾಚಿಕೆಯಾಗಿ, ಸಭೆಗೆ ಎರಡು ದಿನ ಮುಂಚೆ ಪುಸ್ತಕ ತೆರೆದೆ. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು, ಕತ್ತರಿಸಿಕೊಂಡು ಓದಬೇಕು. ಊರಿಗಿದ್ದ ಆ ಒಂದೇ ಪ್ರತಿಯಲ್ಲಿ ಒಂದು ಹಾಳೆಯನ್ನೂ ಯಾರೂ ಕತ್ತರಿಸಿರಲಿಲ್ಲ!

ಪುಸ್ತಕವನ್ನು ನೇರ ಒಯ್ದು ಮೇಷ್ಟ್ರ ಮುಂದೆ ಹಿಡಿದೆ. "ಇದನ್ನ ಹೆಂಗೆ ಓದಿದ್ರಿ ಮೇಷ್ಟ್ರೇ?"

ಅವರು ಬಾಗಿಲು ಮುಂದೆ ಮಾಡಿ ದನಿ ತಗ್ಗಿಸಿದರು. "ಓದಿಲ್ಲ ಸಾಹುಕಾರ್ರೇ. ನಂಗೆ ಕಲಿಸಿದ ಮೇಷ್ಟ್ರು ಹೇಳಿದ್ದನ್ನೇ ಹೇಳ್ಕೊಂಡು ಬಂದ್ಬಿಟ್ಟೆ. ಊರಿಗೆ ಗೊತ್ತಾದ್ರೆ ನಾನು ಕ್ಲಾಸಿಗೆ ಹೆಂಗೆ ಹೋಗ್ಲಿ?"

"ನಾನೂ ಓದಿಲ್ಲ ಬುಡಿ. ಆದ್ರೆ ಭಾಷಣ ಮಾಡೋರು ನೀವು" ಎಂದು ಚೀಲ ಬಿಚ್ಚುವ ಚಾಕು ಕೈಗಿಟ್ಟೆ.

ಎರಡು ದಿನ ಕೂತು ಪೂರ್ತಿ ಓದಿದರು. ಸಭೆಯಲ್ಲಿ ತೊದಲಿದರು, ತಡವರಿಸಿದರು, "ಇದು ನಾನು ಹೇಳ್ತಿದ್ದಷ್ಟು ಸುಲಭದ ಪುಸ್ತಕ ಅಲ್ಲ" ಅಂದು ಅರ್ಧಕ್ಕೇ ಕೂತುಬಿಟ್ಟರು.

ಹೊರಗೆ ಬರುವಾಗ ಎಣ್ಣೆ ಗಾಣದ ಯಜಮಾನರು ನನ್ನ ಕಿವಿಯಲ್ಲಿ ಅಂದರು: "ಈ ಸಲ ಮೇಷ್ಟ್ರು ಓದ್ಕೊಂಡು ಬಂದಿಲ್ಲ ಕಣಯ್ಯ!"