ಹಾಡು ಇನ್ನೂ ಶುರುವಾಗಿರಲಿಲ್ಲ

ಐವತ್ತು ದಾಟುವವರೆಗೂ ನನಗೆ ಸಂಗೀತವೆಂದರೆ ನಮ್ಮ ಮಾತಿಗೆ ಅಡ್ಡ ಬರುವ ಒಂದು ಸದ್ದು. ಮದುವೆ ಮನೆಯಲ್ಲಿ ಓಲಗ ಜೋರಾದರೆ, ಪಕ್ಕದವರ ಸೀರೆ ಯಾವ ಅಂಗಡಿಯದೆಂದು ನಾನು ಇನ್ನೂ ಜೋರಾಗಿ ಕೇಳುತ್ತಿದ್ದೆ. ಯಾರಾದರೂ ಸಂಗೀತ ಕಚೇರಿಗೆ ಎಳೆದುಕೊಂಡು ಹೋದರೆ ಗಾಯಕಿಯ ಮುಖ ನೋಡಿ, ಪಾಪ, ಇವಳಿಗೆ ಎಲ್ಲಿ ನೋವಾಗುತ್ತಿದೆಯೋ ಎಂದು ಮರುಗುತ್ತಿದ್ದೆ. ನಮ್ಮದು ಕುಶಾಲನಗರದ ಕಡೆಯ ಬೇಸಾಯದ ಮನೆ. ಅಜ್ಜ ಹಾಸನದಿಂದ ಬಂದು ನೆಲೆಸಿದವರು. ಆ ಮನೆಯಲ್ಲಿ ಶ್ರುತಿ ಹಿಡಿದು ಹಾಡುತ್ತಿದ್ದುದು ನೀರಿನ ಪಂಪು ಮಾತ್ರ.

ಅಂಥ ನನ್ನನ್ನು ಕಟ್ಟಿಕೊಂಡವರು ಸೋಮಯ್ಯ. ಭಾಗಮಂಡಲದ ಕಡೆಯ ಅರೆಭಾಷೆಯ ಮನೆಯವರು. ಪಾಲಿಬೆಟ್ಟದ ಆಚೆ ಒಂದು ಎಸ್ಟೇಟಿನಲ್ಲಿ ಪಲ್ಪರ್ ನೋಡಿಕೊಳ್ಳುವ ಕೆಲಸ ಅವರದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರ ಮತ್ತು ಅದರ ಪಕ್ಕದ ಜನರೇಟರು ಸೇರಿದರೆ ಎದುರು ನಿಂತವರ ಕೂಗೂ ಕೇಳುವುದಿಲ್ಲ. ಹಣ್ಣು ಕೊಯ್ಯುವ ಪಿಕ್ಕಿಂಗ್ ಕಾಲದಲ್ಲಿ ದಿನವಿಡೀ ಆ ಗದ್ದಲದಲ್ಲಿ ನಿಂತು ಬರುವ ಮನುಷ್ಯ ಮನೆಯಲ್ಲಿ ಮೌನ ಬಯಸಬೇಕು, ಅಲ್ಲವೇ? ಇವರು ಬೆಳಿಗ್ಗೆ ಎದ್ದ ಕೂಡಲೇ ರೇಡಿಯೊ ಹಾಕಿ, ಕಾಫಿ ಲೋಟ ಹಿಡಿದು, ಕಣ್ಣು ಮುಚ್ಚಿ ಕೂರುತ್ತಿದ್ದರು. ಸಂಗೀತ ಕಲಿತವರಲ್ಲ. ಮದುವೆಗೆ ಮೊದಲು ಯಾವುದೋ ಊರಿನ ಬಾಡಿಗೆ ಕೋಣೆಯಲ್ಲಿದ್ದಾಗ ಗೋಡೆಯಾಚೆ ಒಬ್ಬರು ಪಿಟೀಲು ಅಭ್ಯಾಸ ಮಾಡುತ್ತಿದ್ದರಂತೆ. ಕೇಳಿ ಕೇಳಿ ಹುಚ್ಚು ಹಿಡಿಯಿತು ಎನ್ನುತ್ತಿದ್ದರು.

"ಗಿರಿಜಾ, ಬಾ ಇಲ್ಲಿ. ಎಂತ ಚೆಂದ ಇಳಿದ ನೋಡು!"

ಇಳಿದದ್ದು ಯಾರು, ಎಲ್ಲಿಂದ, ಯಾವ ಬಸ್ಸಿನಿಂದ ಎಂದು ನಾನು ಕೇಳುತ್ತಿದ್ದೆ. ಅವರು ನಗುತ್ತಿದ್ದರು. ಮಿಕ್ಸಿ ನಿಲ್ಲಿಸಿ ಒಮ್ಮೆ ಹೋಗಿ ಕೂತರೂ ನನಗೆ ಯಾರೂ ಇಳಿದದ್ದು ಕಾಣುತ್ತಿರಲಿಲ್ಲ.

ನಾನು ಕೆಲಸ ಮಾಡುವುದು ಒಂದು ಸಣ್ಣ ಊರಿನ ಡಿಗ್ರಿ ಕಾಲೇಜಿನ ಲೈಬ್ರರಿಯಲ್ಲಿ. ಕೆಲವು ವರ್ಷಗಳ ಕೆಳಗೆ ಬಿ.ಕಾಂ., ಬಿ.ಎ. ಮಕ್ಕಳು ಬೇರೆ ವಿಷಯವೊಂದನ್ನೂ ಓದಬೇಕೆಂಬ ನಿಯಮ ಬಂತು. ನಮ್ಮಲ್ಲಿ 'ಸಂಗೀತ ರಸಗ್ರಹಣ' ಎಂಬ ಪಾಠ ಶುರುವಾಯಿತು. ಕಲಿಸಲು ಮೈಸೂರಿನಿಂದ ಶಾಲಿನಿ ಎಂಬ ಹುಡುಗಿ ಅತಿಥಿ ಉಪನ್ಯಾಸಕಿಯಾಗಿ ಬಸ್ಸಿನಲ್ಲಿ ಬರತೊಡಗಿದಳು. ಕೋಣೆ ಮಾತ್ರ ಸಿಗಲಿಲ್ಲ. ಪಕ್ಕದ ಅರ್ಥಶಾಸ್ತ್ರದವರು ಗಲಾಟೆಯೆಂದರು, ಎದುರಿನ ಕಂಪ್ಯೂಟರಿನವರು ಧೂಳೆಂದರು. ಕೊನೆಗೆ ಪ್ರಿನ್ಸಿಪಾಲರು ಪಾಠವನ್ನು ನನ್ನ ಲೈಬ್ರರಿಗೆ ದಬ್ಬಿದರು. ಪಿಸುಮಾತಿಗೂ ಕಣ್ಣು ಕೆಂಪು ಮಾಡುತ್ತಿದ್ದ ನಾನು ನಿಘಂಟುಗಳ ಕಪಾಟಿನ ಪಕ್ಕ ಕೂತು ತಂಬೂರಿಯ ನಾದ ಕೇಳಬೇಕಾಯಿತು. ತಂಬೂರಿಯಾದರೂ ಎಂಥದ್ದು? ಅವಳ ಮೊಬೈಲಿನೊಳಗಿನದು.

ಮಕ್ಕಳು ಸೇರಿದ್ದು ಸುಲಭವಾಗಿ ಅಂಕ ಬರುತ್ತದೆಂಬ ಸುದ್ದಿ ಕೇಳಿ. ಒಂದು ದಿನ ಶಾಲಿನಿ ಆಲಾಪನೆ ಎಂದರೇನೆಂದು ಹಾಡಿ ತೋರಿಸುತ್ತಿದ್ದಳು. ಹಾಡು ಹಾಡು, ಮುಗಿಯುವ ಹಾಗೇ ಇಲ್ಲ. ಪೂವಣ್ಣ ಎಂಬ ಹುಡುಗ ಕೈ ಎತ್ತಿದ.

"ಮೇಡಂ, ಹಾಡು ಯಾವಾಗ ಶುರು ಆಗ್ತದೆ?"

ಎಲ್ಲರೂ ನಕ್ಕರು. ನಾನೂ ಮನಸ್ಸಿನಲ್ಲೇ ಅವನಿಗೆ ಶಹಬ್ಬಾಸ್ ಎಂದೆ. ಶಾಲಿನಿ ಬೇಸರಿಸಲಿಲ್ಲ. "ಒಳ್ಳೇ ಪ್ರಶ್ನೆ ಕಣಪ್ಪಾ. ಇದು ಹಾಡಲ್ಲ, ಹಾಡೋಕೆ ಮುಂಚೆ ರಾಗದ ಪರಿಚಯ ಮಾಡ್ಸೋದು. ಇಲ್ಲಿ ಪದ ಇಲ್ಲ, ತಾಳಾನೂ ಇಲ್ಲ. ನೀವು ತೊಡೆ ತಟ್ಟೋಕೆ ಹೋದ್ರೆ ಎಲ್ಲೂ ಸಿಗಲ್ಲ. ಕೃತಿ ಶುರುವಾದ ಮೇಲೆ ತಾಳ ಬರುತ್ತೆ" ಎಂದಳು.

ಮುಂದಿನ ವಾರ ಅವಳು ಎಲ್ಲರಿಗೂ ಕಣ್ಣು ಮುಚ್ಚಲು ಹೇಳಿದಳು. ತಂಬೂರಿ ನುಡಿಯುತ್ತಿರುತ್ತದೆ, ನಾನು ಎಲ್ಲೆಲ್ಲೋ ತಿರುಗಾಡುತ್ತೇನೆ, ಷಡ್ಜಕ್ಕೆ, ಎಂದರೆ ಮನೆಗೆ ವಾಪಸು ಬಂದೆ ಅಂತ ಅನ್ನಿಸಿದಾಗ ಕೈ ಎತ್ತಿ ಎಂದಳು. ನಾನು ವಿದ್ಯಾರ್ಥಿಯಲ್ಲ, ಆದರೂ ಕಣ್ಣು ಮುಚ್ಚಿದೆ. ಸ್ವರ ಮೇಲೆ ಹೋಯಿತು, ಒಂದು ಕಡೆ ತಡವರಿಸಿದಂತೆ ಮಾಡಿತು, ಸ್ವಲ್ಪ ಬಾಗಿತು, ಆಮೇಲೆ ನಿಧಾನವಾಗಿ ಒಂದೊಂದೇ ಮೆಟ್ಟಿಲು ಇಳಿದು ಆ ತಂಬೂರಿಯೊಳಗೆ ಕರಗಿಹೋಯಿತು. ನನ್ನ ಕೈ ತಾನಾಗಿ ಮೇಲೆದ್ದಿತ್ತು. ಕಣ್ಣು ತೆರೆದರೆ ಶಾಲಿನಿ ನನ್ನನ್ನೇ ನೋಡಿ ನಗುತ್ತಿದ್ದಳು. ಓಹೋ, ಇಳಿಯುವುದು ಎಂದರೆ ಇದು!

ಆ ಸಂಜೆಯೇ ಇವರಿಗೆ ಹೇಳಬೇಕೆನ್ನಿಸಿತು. ಹೇಳಲಿಲ್ಲ. ಇನ್ನಷ್ಟು ಕಲಿತು, ಒಂದು ಬೆಳಿಗ್ಗೆ ಅಡುಗೆಮನೆಯಿಂದಲೇ "ಇದು ಮೋಹನ ರಾಗ ಅಲ್ವಾ?" ಎಂದು ಕೇಳಿ ಅವರ ಕೈಯಲ್ಲಿನ ಲೋಟ ಅಲುಗಾಡಿಸುವ ಆಸೆ. ನಮ್ಮ ಹಿಂದಿನವರು ಒಳ್ಳೆಯ ಕೇಳುಗನನ್ನು ಸಹೃದಯ ಎಂದು ಕರೆದರು. ಹಾಡುವವನಿಗೆ ಸಮನಾದ ಹೃದಯವುಳ್ಳವನು ಎಂದು ಅರ್ಥ ಹೇಳುತ್ತಾರೆ. ಹೃದಯದ ಸಂಗತಿ ಹೇಗೂ ಇರಲಿ, ಅದಕ್ಕೆ ಕಿವಿಯೆಂಬ ಬಾಗಿಲು ಬೇಕೆಂದು ಅವರು ಬೇರೆಯಾಗಿ ಹೇಳಲಿಲ್ಲ. ಹೇಳುವ ಅಗತ್ಯವಿದೆ ಎಂದು ಅವರಿಗೆ ತೋರಿರಲಾರದು.

ನನಗೆ ಮೋಹನ ಗುರುತು ಸಿಗುವ ಹೊತ್ತಿಗೆ ನಮ್ಮ ಮನೆಯ ರೇಡಿಯೊ ಹೆಚ್ಚುಕಡಿಮೆ ಸುಮ್ಮನಾಗಿತ್ತು. ಯಾಕೆಂದು ಕೇಳಿದರೆ, "ಈಗಿನವರು ಎಂತ ಹಾಡ್ತಾರೆ? ಓಡ್ತಾರೆ" ಎಂದರು. ವಯಸ್ಸಾದವರೆಲ್ಲ ಹೇಳುವ ಮಾತೇ ಆದ್ದರಿಂದ ನಂಬಿದೆ. ನನ್ನ ಮಾತಿಗೆ ಎರಡೆರಡು ಸಲ "ಹ್ಞಾ?" ಎನ್ನುತ್ತಿದ್ದರು. ಗಂಡಂದಿರ ಆ "ಹ್ಞಾ?" ಯಾವ ಹೆಂಗಸಿಗೆ ಹೊಸದು?

ಪಾಠದ ಕೊನೆಗೆ ಶಾಲಿನಿ ಲೈಬ್ರರಿಯಲ್ಲೇ ಒಂದು ಪುಟ್ಟ ಕಚೇರಿ ಇಟ್ಟುಕೊಂಡಳು. ಒಂದು ಶನಿವಾರ ಮಧ್ಯಾಹ್ನ, ಮೈಸೂರಿನಿಂದ ಬಂದ ಪಿಟೀಲು, ಮೃದಂಗ. ನಾನು ಇವರನ್ನು ಒತ್ತಾಯ ಮಾಡಿ ಕರೆದುಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಕೂರಿಸಿದೆ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಹಳೆಯ ನಗು. ಶಾಲಿನಿ ಕಣ್ಣು ಮುಚ್ಚಿ, ಕೈಗಳನ್ನು ಮಡಿಲಲ್ಲಿಟ್ಟು ಮೋಹನವನ್ನೇ ಎತ್ತಿಕೊಂಡಳು. ನನಗೆ ಗುರುತು ಸಿಕ್ಕಿತು! ಹೇಳೋಣವೆಂದು ತಿರುಗಿದೆ.

ಇವರು ತಾಳ ಹಾಕುತ್ತಿದ್ದರು. ಒಂದು ಪೆಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು. ತಲೆದೂಗುತ್ತಾ, ಅಚ್ಚುಕಟ್ಟಾಗಿ.

ನಡೆಯುತ್ತಿದ್ದುದು ಆಲಾಪನೆ. ಮೃದಂಗದವರು ಕೈ ಕಟ್ಟಿ ಕೂತಿದ್ದರು.

ಪಾಠ ಕೇಳದಿದ್ದರೆ ನನಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಎಷ್ಟು ಚೆನ್ನಾಗಿ ತಾಳ ಹಾಕುತ್ತಾರೆಂದು ಹೆಮ್ಮೆಪಡುತ್ತಿದ್ದೆ. ಕಲಿತ ಮೊದಲ ವಿದ್ಯೆ ನನಗೆ ತೋರಿಸಿಕೊಟ್ಟದ್ದು ಇದನ್ನು. ನಾನು ಅವರ ಆ ಕೈಯನ್ನು ಹಿಡಿದುಕೊಂಡೆ. ಮದುವೆಯಾದ ಹೊಸತರಲ್ಲೂ ನಾಲ್ಕು ಜನರೆದುರು ಹೀಗೆ ಹಿಡಿದವಳಲ್ಲ. ಅವರು ನನ್ನ ಮುಖ ನೋಡಿದರು, ಮೃದಂಗದವರನ್ನು ನೋಡಿದರು, ತಲೆ ತಗ್ಗಿಸಿದರು.

ಸಿದ್ದಾಪುರದ ಬಸ್ಸಿಗೆ ಕಾಯುತ್ತಾ ನಿಂತಾಗ ಅವರ ಎದುರಿಗೆ ಬಂದು ಕೇಳಿದೆ. "ಯಾವಾಗ್ಲಿಂದ ರೀ?"

"ಸುಮಾರು ಕಾಲ ಆಯ್ತು. ಮಾತು ಹೇಗೋ ಗೊತ್ತಾಗ್ತದೆ, ತುಟಿ ನೋಡಿದ್ರೆ. ಹಾಡು ಬರುದಿಲ್ಲ."

"ಹೇಳ್ಬಾರ್ದಿತ್ತಾ ನನಗೆ?"

"ಎಂತ ಹೇಳುದು ಮಾರಾಯ್ತಿ? ನಿಂಗೆ ಮೊದ್ಲೇ ಅದು ಬೇಡ. ನಂಗೆ ಅದು ಹೋದದ್ದು ನಿಂಗೆ ಹೇಗೆ ಗೊತ್ತಾಗ್ಬೇಕು?" ಎಂದು ನಕ್ಕರು. ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

ಮೈಸೂರಿನ ಡಾಕ್ಟರು ಯಂತ್ರದ ಸದ್ದು ತಿಂದ ಕಿವಿ ಎಂದರು. ಹಿಯರಿಂಗ್ ಏಡ್ ಕೊಟ್ಟರು. ನನ್ನ ಮಾತು, ಕುಕ್ಕರಿನ ಸೀಟಿ, ಬಾಗಿಲ ಬಡಿತ ಎಲ್ಲ ವಾಪಸು ಬಂದವು. ಮಾರನೆಯ ಬೆಳಿಗ್ಗೆ ರೇಡಿಯೊ ಹಾಕಿ ಆಸೆಯಿಂದ ಕೂತರು. ಸ್ವಲ್ಪ ಹೊತ್ತಿನಲ್ಲೇ ಯಂತ್ರ ತೆಗೆದು ಡಬ್ಬಿಯಲ್ಲಿಟ್ಟರು. "ತಗಡು ಎಳೆದ ಹಾಗೆ ಕೇಳ್ತದೆ. ಇದಕ್ಕಿಂತ ನೆನಪಿನಲ್ಲಿರುದೇ ಚೆಂದ."

ಮರುವರ್ಷ ಆ ಪಾಠ ನಿಂತಿತು, ಶಾಲಿನಿಯೂ ಬರಲಿಲ್ಲ. ಲೈಬ್ರರಿಗೆ ಶಾಂತಿ ಮರಳಿತು. ನನಗೆ ಅದು ಬೇಡವಾಗಿತ್ತು. ಮನೆಯಲ್ಲಿ ಎರಡು ಜೊತೆ ಒಳ್ಳೆಯ ಕಿವಿಗಳಿದ್ದ ಬೆಳಗುಗಳು ಎಷ್ಟು ಹೋದವೆಂದು ಈಗಲೂ ಒಮ್ಮೊಮ್ಮೆ ಒಗ್ಗರಣೆ ಹಾಕುವಾಗ ನೆನಪಾಗುತ್ತದೆ. ಅವರು ಕೇಳುತ್ತಿದ್ದಾಗ ನನಗೆ ಕೇಳಲು ಬರಲಿಲ್ಲ, ನನಗೆ ಬಂದಾಗ ಅವರಿಗೆ ಕಿವಿಯಿಲ್ಲ. ಯಾರನ್ನು ದೂರುವುದು?

ಈಗ ರೇಡಿಯೊ ಹಾಕುವವಳು ನಾನು. ಅವರು ಕಿವಿಯ ಯಂತ್ರ ತೆಗೆದಿಟ್ಟು, ಎದುರು ಕೂತು ನನ್ನ ಮುಖ ನೋಡುತ್ತಾರೆ. ನಾನು ವರದಿ ಒಪ್ಪಿಸುತ್ತೇನೆ. ನನ್ನ ವರದಿಯಲ್ಲಿ ತಪ್ಪುಗಳು ಧಾರಾಳ. ಕಾಂಭೋಜಿಯನ್ನು ಮೋಹನವೆಂದು ಹೇಳಿ, ಅವರು ತಮ್ಮ ನೆನಪಿನ ಮೋಹನದಲ್ಲಿ ಅರ್ಧ ದೂರ ಹೋದ ಮೇಲೆ ವಾಪಸು ಕರೆದದ್ದುಂಟು.

ಮೊನ್ನೆ ರೇಡಿಯೊದಲ್ಲಿ ಒಬ್ಬಳು ಕಲ್ಯಾಣಿ ರಾಗ ಹಾಡುತ್ತಿದ್ದಳು.

"ಮೇಲೆ ಹೋದ್ಳು" ಎಂದೆ, ತುಟಿ ಬಿಡಿಸಿ. "ಪಂಚಮಕ್ಕೆ ಬಂದ್ಳು. ಅಲ್ಲೇ ನಿಂತಿದಾಳೆ. ಇನ್ನೂ ನಿಂತಿದಾಳೆ. ಮುಂದೇನು ಅಂತ ಗೊತ್ತಾಗ್ತಿಲ್ಲ."

ಅವರು ಕಣ್ಣು ಮುಚ್ಚಿದರು.

"ನಿಲ್ಲಲಿ ಬಿಡು. ಅವಸರ ಎಂತದು? ಇಳಿದ ಮೇಲೆ ಹೇಳು."

ಅವಳು ಇಳಿಯುವವರೆಗೆ ನಾನೂ ಸುಮ್ಮನೆ ಕೂತೆ.