ಮಲಗಿ ತೋರಿಸುವ ಕೆಲಸ

ನೀನೇನು ಕೆಲಸ ಮಾಡ್ತೀಯಪ್ಪಾ ಎಂದು ಯಾರಾದರೂ ಕೇಳಿದರೆ ಅವನು "ಮಲಗೋದು" ಎನ್ನುತ್ತಿದ್ದ. ಕೇಳಿದವರು ನಗುತ್ತಿದ್ದರು, ಅಂಥದ್ದೊಂದು ನಮಗೂ ಕೊಡಿಸು ಎನ್ನುತ್ತಿದ್ದರು. ಸುಳ್ಳೇನಲ್ಲ. ಅವನು ಹಾಸಿಗೆ ಅಂಗಡಿಯ ಮಾರಾಟದ ಹುಡುಗ. ಗಿರಾಕಿಗಳು ಹಾಸಿಗೆಯನ್ನು ಬೆರಳಲ್ಲಿ ಒತ್ತಿ ನೋಡುತ್ತಾರೆ, ಅಂಚಿನಲ್ಲಿ ಕೂತು ನೋಡುತ್ತಾರೆ, ಆದರೆ ನಾಲ್ಕು ಜನರೆದುರು ಕಾಲು ಚಾಚಿ ಮಲಗಲು ನಾಚುತ್ತಾರೆ. ಅವರ ಪರವಾಗಿ ಇವನು ಮಲಗಬೇಕು. ಚಪ್ಪಲಿ ಕಳಚಿ, ಅಂಗಾತ ಬಿದ್ದು, ಹುಟ್ಟಿದಾಗಿನಿಂದ ಚಿಂತೆಯ ಮುಖವೇ ಕಾಣದವನ ಹಾಗೆ ಒಂದು ನಿಟ್ಟುಸಿರು ಬಿಟ್ಟು, ಆಮೇಲೆ ಕೈಯೂರದೆ ಒಂದೇ ಏಟಿಗೆ ಎದ್ದು ನಿಲ್ಲಬೇಕು. ವ್ಯಾಪಾರವೆಲ್ಲ ಇದ್ದದ್ದು ಆ ಏಳುವುದರಲ್ಲೇ. ಅದನ್ನು ಕಂಡೇ ಯಜಮಾನರು ಅವನಿಗೆ "ಸ್ಪ್ರಿಂಗು" ಎಂದು ಹೆಸರಿಟ್ಟಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು.

ಆ ಸ್ಪ್ರಿಂಗು ಕೆಟ್ಟಿತ್ತು. ಸೊಂಟದ ಎಡಗಡೆ, ಬೆಲ್ಟಿನ ಕೆಳಗೆ, ಯಾರೋ ಒಳಗೆ ಕೂತು ಹಗ್ಗ ಜಗ್ಗಿದ ಹಾಗೆ ನೋವು. ಬೆಳಿಗ್ಗೆ ಹಾಸಿಗೆಯಿಂದ ಏಳುವುದಕ್ಕೆ ಮೊದಲು ಗೋಡೆ, ಆಮೇಲೆ ಕಿಟಕಿಯ ಸರಳು, ಕೊನೆಗೆ ಅಕ್ಕನ ಭುಜ ಬೇಕಾಗುತ್ತಿತ್ತು. ಊರಿಗೆಲ್ಲ ಸುಖನಿದ್ರೆ ಹಂಚುವವನು ಮನೆಯಲ್ಲಿ ಮಲಗುತ್ತಿದ್ದದ್ದು ಚಾಪೆಯ ಮೇಲೆ. ಅಂಗಡಿಯಲ್ಲಿ ಮಾತ್ರ ಹಲ್ಲು ಕಚ್ಚಿ ಏಳುತ್ತಿದ್ದ. ಆ ಹಲ್ಲು ಕಚ್ಚಿದ್ದನ್ನು ಗಿರಾಕಿಗಳು ನಗು ಎಂದುಕೊಳ್ಳುತ್ತಿದ್ದರು. ಇದು ತನ್ನಲ್ಲಿರುವ ಏಕೈಕ ಪ್ರತಿಭೆ ಎಂದು ಅವನಿಗೂ ಖಾತ್ರಿಯಾಗಿತ್ತು.

ಅಕ್ಕ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದಳು. ಒಂದು ಸಂಜೆ ಬಂದವಳೇ ಎರಡು ಪಾಸುಗಳನ್ನು ಅವನ ಮುಂದೆ ಇಟ್ಟಳು. ಎಲ್ಲರ ಫೋನಿನಲ್ಲೂ ಬರುವ ಆ ಯೋಗದ ಗುರುಗಳು ಊರಿಗೆ ಬರುತ್ತಿದ್ದರು. ಭಾನುವಾರ ದೊಡ್ಡ ಸಭಾಂಗಣದಲ್ಲಿ ಇಡೀ ದಿನದ ಶಿಬಿರ. ಡಾಕ್ಟರೂ ಅವರ ಹೆಂಡತಿಯೂ ಹೋಗಬೇಕಿತ್ತು, ಊರಲ್ಲಿರುವುದಿಲ್ಲ ಎಂದು ಪಾಸು ಇವಳಿಗೆ ಕೊಟ್ಟಿದ್ದರು.

"ಬೆನ್ನು ನೋವಿನವರಿಗೆ ಮುಂದಿನ ಸಾಲಂತೆ ಕಣೋ. ಕೈಗೆ ಹಳದಿ ಪಟ್ಟಿ ಕಟ್ತಾರಂತೆ. ಗುರುಗಳೇ ಒಬ್ಬೊಬ್ಬರ ಹತ್ರ ಬಂದು ನೋಡ್ತಾರಂತೆ."

"ಪಟ್ಟಿ ಯಾಕೆ?"

"ಯಾರನ್ನ ಜಾಸ್ತಿ ಬಗ್ಗಿಸಬಾರದು ಅಂತ ಗೊತ್ತಾಗೋಕೆ."

"ನನ್ನನ್ನ ಬಗ್ಗಿಸೋಕೆ ಯಜಮಾನರೊಬ್ಬರು ಸಾಲದಾ?"

"ತಮಾಷೆ ಸಾಕು. ಬರ್ತೀಯೋ ಇಲ್ವೋ?"

"ನೋಡೋಣ."

ಅಕ್ಕ ಚೀಲವನ್ನು ಗೂಟಕ್ಕೆ ತಗುಲಿಸಿ, ಬೆನ್ನು ತಿರುಗಿಸಿಯೇ ಹೇಳಿದಳು: "ನಿಮ್ಮ ಭಾವನೂ ಎದೆನೋವಿಗೆ ನೋಡೋಣ ನೋಡೋಣ ಅಂತಾನೇ ಇದ್ರು."

ಆ ಮಾತಿನ ಮೇಲೆ ತಮಾಷೆ ಮಾಡುವಷ್ಟು ಪ್ರತಿಭೆ ಅವನಲ್ಲಿರಲಿಲ್ಲ. ಬರ್ತೀನಿ ಎಂದ.

ಮಾರನೆಯ ದಿನವೇ ಯಜಮಾನರು ಕೈ ಉಜ್ಜಿಕೊಳ್ಳುತ್ತ ಅಂಗಡಿಗೆ ಬಂದರು. ಆ ಶಿಬಿರದ ಬಾಗಿಲಲ್ಲೇ ನಮ್ಮ ಮಳಿಗೆ ಹಾಕ್ತಿದ್ದೀವಿ ಎಂದರು. ನೋವಿನವರೆಲ್ಲ ಒಂದೇ ಕಡೆ ಸೇರುತ್ತಾರೆ, ಇದಕ್ಕಿಂತ ಒಳ್ಳೆಯ ಸಂತೆ ಎಲ್ಲಿ ಸಿಗುತ್ತದೆ? "ನೀನು ಅಂಗಡಿ ನೋಡ್ಕೊ, ಇಲ್ಲಾ ರಜ ತಗೋ. ಅಲ್ಲಿ ನಾನೇ ಇರ್ತೀನಿ."

ಯಜಮಾನರು ಕೆಟ್ಟವರಲ್ಲ. ಅವರ ಅಂಗೈ ಮಾತ್ರ ಬಲು ಚುರುಕು. ಹೊಸ ಹಾಸಿಗೆ ಬಂದರೆ ಕಣ್ಣು ಮುಚ್ಚಿ ಮೇಲೆ ಕೈಯಾಡಿಸುತ್ತಿದ್ದರು. ಎಲ್ಲೋ ಒಂದು ಕಡೆ ಕೈ ನಿಲ್ಲುತ್ತಿತ್ತು. "ಇಲ್ಲೊಂದು ಸತ್ತಿದೆ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಅಲ್ಲೊಂದು ಸ್ಪ್ರಿಂಗು ಮುರಿದಿರುತ್ತಿತ್ತು. ಅಂಥ ಹಾಸಿಗೆಯನ್ನು ಅವರು ಬೈಯುತ್ತಿರಲಿಲ್ಲ, ಸುಮ್ಮನೆ ಗೋಡೌನಿಗೆ ಕಳಿಸುತ್ತಿದ್ದರು. ಇವನಿಗಿಂತ ಮುಂಚೆ ಮಲಗುತ್ತಿದ್ದವನನ್ನೂ ಹಾಗೇ ಕಳಿಸಿದ್ದರು. ಅವನು ಸೊಂಟ ಹಿಡಿದುಕೊಂಡದ್ದನ್ನು ಒಬ್ಬ ಗಿರಾಕಿ ನೋಡಿಬಿಟ್ಟಿದ್ದನಂತೆ. ಪಾಪ, ಓಡಾಟ ಕಮ್ಮಿ ಇರಲಿ ಎಂದು ಯಜಮಾನರು ಕರುಣೆಯಿಂದಲೇ ಅವನನ್ನು ಗೋಡೌನಿನ ಕಾವಲಿಗೆ ಹಾಕಿದರು. ಕಿಟಕಿಯಿಲ್ಲದ ಆ ಕೋಣೆಯಲ್ಲಿ, ವಾಪಸು ಬಂದ ಹಾಸಿಗೆಗಳ ನಡುವೆ ಅವನು ಕೂತಿರುತ್ತಿದ್ದ. ಬರಬರುತ್ತ, ಕರೆದರೆ ಓಗೊಡುವುದು ತಡವಾಯಿತು. ಒಂದು ದಿನ ಬರಲೇ ಇಲ್ಲ. ಏನಾಯಿತೆಂದು ಯಾರೂ ಕೇಳಲಿಲ್ಲ, ಇವನೂ ಕೇಳಲಿಲ್ಲ.

ಈಗ ಬಾಗಿಲಲ್ಲಿ ಯಜಮಾನರು, ಒಳಗೆ ಹಳದಿ ಪಟ್ಟಿ. ಹೇಳಿಯೇಬಿಡೋಣ ಎಂದು ಒಮ್ಮೆ ಬಾಯಿ ತೆರೆದ.

"ಯಜಮಾನ್ರೇ, ಈ ಬೆನ್ನು ನೋವು ಇರೋರು…"

"ಹೂಂ, ಅವರೇ ನಮ್ಮ ಅನ್ನದಾತರು" ಎಂದರು ಯಜಮಾನರು. "ಅದಕ್ಕೇ ಕಣೋ, ಮಾರೋನು ಗಟ್ಟಿಮುಟ್ಟಾಗಿರ್ಬೇಕು. ಬೋಳು ತಲೆಯೋನು ಕೂದಲೆಣ್ಣೆ ಮಾರಿದ್ರೆ ಯಾರು ತಗೋತಾರೆ?"

ಅವನು ನಕ್ಕ. ನಗುವಾಗಲೂ ಸೊಂಟ ಜಗ್ಗಿತು.

ವಾರವೆಲ್ಲ ಹೊಯ್ದಾಡಿದ. ಬಸ್ಸಿನ ಕಂಬಿ ಹಿಡಿದು ನಿಂತಾಗ ಹೋಗುವುದೇ ಸರಿ ಎನಿಸುತ್ತಿತ್ತು. ಅಂಗಡಿಯ ಬಾಗಿಲೆಳೆದು ಒಳಗೆ ಕಾಲಿಟ್ಟರೆ ಬೇಡ ಎನಿಸುತ್ತಿತ್ತು. ಟೊಪ್ಪಿ ಹಾಕಿಕೊಂಡು ಹೋದರೆ? ಮೀಸೆ ಬೋಳಿಸಿದರೆ? ಕೊನೆಗೆ, ತನ್ನ ಮೀಸೆಯನ್ನು ಯಾರಾದರೂ ಗಮನಿಸಿದ್ದರೆ ತಾನೆ ಬೋಳಿಸಿ ಲಾಭ ಎಂದು ಸುಮ್ಮನಾದ. ಅಕ್ಕ ಮಾತ್ರ ಅವನ ಸಡಿಲ ಪ್ಯಾಂಟನ್ನು ಒಗೆದು, ಮಡಿಸಿ, ಕುರ್ಚಿಯ ಮೇಲೆ ಇಟ್ಟಿದ್ದಳು. ಸೊಂಟದ ಲಾಡಿಯೂ ಹೊಸದು.

ಭಾನುವಾರ ಇಬ್ಬರೂ ಹೊರಟರು. ಹಿಂದಿನ ಗೇಟಿನಿಂದ ನುಗ್ಗಿದರಾಯಿತು ಎಂಬುದು ಅವನ ಯುದ್ಧತಂತ್ರ. ಯಜಮಾನರ ಮಳಿಗೆ ಇದ್ದದ್ದು ಹಿಂದಿನ ಗೇಟಿನಲ್ಲೇ.

"ಅರೆ, ಸ್ಪ್ರಿಂಗು! ರಜದ ದಿನವೂ ಬಂದುಬಿಟ್ಯಾ?" ಯಜಮಾನರ ಮುಖ ನಿಜವಾಗಿಯೂ ಅರಳಿತು. ಪಕ್ಕದಲ್ಲಿದ್ದವರಿಗೆ, "ನೋಡಿ, ಕರೀದೇ ಬಂದಿದಾನೆ. ಮನೆ ಮಗ ಅಂದ್ರೆ ಇವನು" ಎಂದು, ಅಂಗಡಿಯ ಹೆಸರಿದ್ದ ಅಂಗಿಯನ್ನು ಅವನ ಕೈಗಿಟ್ಟರು.

ಅಕ್ಕ ಅವನ ಮುಖ ನೋಡಿದಳು. ಹೇಳು, ಈಗ ಹೇಳು ಎನ್ನುವಂತೆ.

"ನೀನು ಹೋಗಿರಕ್ಕ" ಎಂದ ಅವನು. "ಬರ್ತೀನಿ, ಸ್ವಲ್ಪ ಹೊತ್ತು ಬಿಟ್ಟು."

"ನೋಡೋಣ" ಎಂದು ಅಕ್ಕ ಒಳಗೆ ಹೋದಳು.

ಧ್ವನಿವರ್ಧಕದಲ್ಲಿ ಗುರುಗಳ ದನಿ ಹೊರಗೂ ಕೇಳುತ್ತಿತ್ತು. ಉಸಿರು ಎಳೆಯಿರಿ, ಬಿಡಿ. ತಡವಾಗಿ ಬಂದವರು ಮಳಿಗೆಯ ಮುಂದೆ ನಿಲ್ಲುತ್ತಿದ್ದರು. ಅವನು ಬೀಳುತ್ತಿದ್ದ, ಏಳುತ್ತಿದ್ದ, ಮತ್ತೆ ಬೀಳುತ್ತಿದ್ದ. ಒಳಗಿನವರಿಗೆ ನಿಧಾನ ನಿಧಾನ ಎಂಬ ಉಪದೇಶ, ಹೊರಗೆ ಇವನಿಗೆ ಬೇಗ ಬೇಗ. ಬಿಡುವಿಗೆ ಸ್ವಲ್ಪ ಮೊದಲು ಮಲಗಿದಾಗ ಸೊಂಟದಲ್ಲಿ ಏನೋ ಕಳಚಿದ ಹಾಗಾಯಿತು. ಏಳಲು ನೋಡಿದ. ಕಾಲು ತನ್ನದಲ್ಲ ಎನಿಸಿತು.

"ಈಗ ನಿಧಾನವಾಗಿ ಬಲಕ್ಕೆ ಹೊರಳಿ" ಎಂದಿತು ಧ್ವನಿವರ್ಧಕ. "ಎದ್ದು ಕೂತ್ಕೊಳ್ಳಿ." ಒಳಗೆ ಇಡೀ ಸಭಾಂಗಣ ಎದ್ದು ಕೂತ ಸದ್ದು ಬಂತು. ಅವನೊಬ್ಬ ಏಳಲಿಲ್ಲ.

ಬಿಡುವಿಗೆ ಜನ ಹೊರಗೆ ಬಂದರು. ಹಾಸಿಗೆಯ ಮೇಲೆ ಅಲುಗಾಡದೆ ಮಲಗಿದವನನ್ನು ಕಂಡು ನಿಂತರು. ಯಜಮಾನರು ಕ್ಷಣ ತಡಬಡಿಸಿದರು, ಆಮೇಲೆ ಅವರಿಗೆ ಹೊಳೆಯಿತು. "ನೋಡಿ ಸಾರ್, ನಮ್ಮ ಹುಡುಗನೇ ಎದ್ದೇಳೋಕೆ ಒಪ್ತಿಲ್ಲ!"

ಎಲ್ಲರೂ ನಕ್ಕರು. "ಅದೃಷ್ಟವಂತ" ಎಂದರೊಬ್ಬರು. ಅವರ ಕೈಯಲ್ಲಿ ಹಳದಿ ಪಟ್ಟಿಯಿತ್ತು. ಇಂಥದ್ದೇ ಒಂದು ಮನೆಗೆ ಬರಲಿ ಎಂದರು ಇನ್ನೊಬ್ಬರು. ಅಷ್ಟು ವರ್ಷಗಳ ಅವನ ಎದ್ದಾಟದಿಂದ ಆಗದ ವ್ಯಾಪಾರ ಆ ಬಿಡುವಿನಲ್ಲಿ ಆಯಿತು. ಅವನು ಹಲ್ಲು ಕಚ್ಚಿಕೊಂಡಿದ್ದ. ಎಂಥಾ ನೆಮ್ಮದಿಯ ನಗು ನೋಡಿ ಎಂದು ಒಬ್ಬಾಕೆ ತನ್ನ ಗಂಡನಿಗೆ ತೋರಿಸಿದಳು.

ಜನರ ಹಿಂದಿನಿಂದ ಅಕ್ಕ ಬಂದಳು. ಅವಳು ನಗಲಿಲ್ಲ. ತಲೆದೆಸೆಗೆ ಬಗ್ಗಿ ಕೇಳಿದಳು: "ಏಳೋಕಾಗ್ತಿಲ್ಲ ಅಲ್ವಾ?"

"ಜನ ಹೋಗ್ಲಿ ಅಕ್ಕ."

ಅವಳ ಮುಷ್ಟಿಯಲ್ಲಿ ಇವನಿಗೆಂದು ಇಸಿದುಕೊಂಡು ಬಂದ ಹಳದಿ ಪಟ್ಟಿ ಮುದುರಿಹೋಗಿತ್ತು. ಕಟ್ಟಲಿಲ್ಲ, ಎಸೆಯಲೂ ಇಲ್ಲ. ಅಲ್ಲೇ ಹಾಸಿಗೆಯ ಅಂಚಿನಲ್ಲಿ ಕೂತಳು.

ಗಂಟೆ ಹೊಡೆಯಿತು, ಜನ ಒಳಗೆ ಹೋದರು. ಯಜಮಾನರು ಖುಷಿಯಲ್ಲಿ ಅವನ ಹೊಟ್ಟೆಯ ಮೇಲೆ ಮೆಲ್ಲಗೆ ತಟ್ಟಿದರು. "ಭಲೇ ಕಣೋ. ಸಾಕು, ಏಳು."

"ಇನ್ನೊಂದು ಸ್ವಲ್ಪ ಹೊತ್ತು ಯಜಮಾನ್ರೇ."

ಯಜಮಾನರು ಅವನನ್ನೂ ಅಕ್ಕನನ್ನೂ ನೋಡಿದರು. ನಗು ಒಂದೊಂದೇ ಮಡಿಕೆಯಾಗಿ ಇಳಿಯಿತು. ಬಗ್ಗಿ, ಕಣ್ಣು ಮುಚ್ಚಿ, ಅಂಗೈಯನ್ನು ಅವನ ಸೊಂಟದಡಿಗೆ ತೂರಿಸಿದರು. ಕೈ ಸರಿಯುತ್ತ ಬಂದು ಎಡಗಡೆ, ಲಾಡಿಯ ಕೆಳಗೆ, ನಿಂತಿತು.

ಅವರು ಬೈಯಲಿಲ್ಲ. ಕೈ ತೆಗೆದು ಅಂಗಿಗೆ ಒರೆಸಿಕೊಂಡರು.

"ಮೊದಲೇ ಹೇಳೋದಲ್ವೇನೋ" ಎಂದರು, ಬಲು ಮೆತ್ತಗೆ. "ಒಂದೆರಡು ದಿನ ಸುಧಾರಿಸ್ಕೊ. ಆಮೇಲೆ ಗೋಡೌನ್ ಕಡೆ ಬಾ" ಎಂದರು.

ಅಕ್ಕ ಅವನ ಕೈ ಹಿಡಿದುಕೊಂಡಳು. ಒಳಗಿಂದ ಗುರುಗಳ ದನಿ ಮತ್ತೆ ಬಂತು: ಎಲ್ಲರೂ ಅಂಗಾತ ಮಲಗಿ, ಶವಾಸನ, ಕಣ್ಣು ಮುಚ್ಚಿ, ಏನೂ ಮಾಡಬೇಡಿ.

ಇದೊಂದು ಆಸನ ಅವನಿಗೆ ಮೊದಲೇ ಬರುತ್ತಿತ್ತು. ಕಣ್ಣು ಮುಚ್ಚಿದ.